ನಾಜೂಕಾಗಿ ಹೇಳಿಬಿಡು

ನಮ್ಮ ಮನೆಯಲ್ಲಿ ಒಳ್ಳೆಯ ಸುದ್ದಿ ಹೇಳಲು ಯಾರು ಬೇಕಾದರೂ ಓಡುತ್ತಾರೆ. ಕೆಟ್ಟದ್ದಕ್ಕೆ ಮಾತ್ರ ನಾನು. "ನೀನಾದ್ರೆ ನಾಜೂಕಾಗಿ ಹೇಳ್ತೀಯ" ಎಂದು ಅಣ್ಣ ಫೋನನ್ನು ನನ್ನ ಕೈಗೆ ತುರುಕುತ್ತಾನೆ. ಚನ್ನಗಿರಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕೂತು, ಬೈಸಿಕೊಳ್ಳದೆ 'ನಾಳೆ ಬನ್ನಿ' ಎಂದವನು ನಾನು. ನಾಜೂಕು ಎಂದರೆ ಬಳೆ ತೊಡಿಸುವವಳ ಕೈ ಎಂದು ಅವ್ವ ಹೇಳುತ್ತಿದ್ದಳು. ಕೈಗೂ ನೋವಾಗಬಾರದು, ಬಳೆಯೂ ಒಡೆಯಬಾರದು. ನನ್ನದು ಅದಲ್ಲ, ಬರೀ ಬೈಗುಳ ತಪ್ಪಿಸಿಕೊಳ್ಳುವ ವಿದ್ಯೆ. ಅದೂ ಈಗ ಸಾಕಾಗಿದೆ.

ಹೋದ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಅಣ್ಣನ ಮಗನಿಗೆ ಹೆಣ್ಣು ನೋಡಲು ಸಾಸ್ವೆಹಳ್ಳಿಗೆ ಹೋಗಿದ್ದೆವು. ತಂದೆಯಿಲ್ಲದ ಹುಡುಗಿ, ತಾಯಿಯೇ ಎಲ್ಲ. ಉಪ್ಪಿಟ್ಟು, ಕೇಸರಿಬಾತು ತಿಂದು, ಎಲೆ ಅಡಿಕೆ ಹಾಕಿಕೊಂಡು ಎದ್ದೆವು. ಕಾರು ಊರು ದಾಟುವ ಮೊದಲೇ ಹುಡುಗ ಬೇಡ ಎಂದ. ಮರುದಿನ ಆ ತಾಯಿಗೆ ಫೋನು ಮಾಡಿ ನಾನು ಹೇಳಿದ್ದು ಇಷ್ಟೇ: "ಆಷಾಢ ಕಳೀಲಿ ತಾಯೀ, ನೋಡಣ."

ನಮ್ಮ ಕಡೆ ಹೆಣ್ಣು ನೋಡಿ ಬಂದವರು ಇಲ್ಲ ಎನ್ನುವುದಿಲ್ಲ. ಯಾವುದೋ ಹಬ್ಬದ ಹಿಂದೆಯೋ ಮಾಸದ ಹಿಂದೆಯೋ ಅಡಗಿ ಕೂರುತ್ತಾರೆ. ಕೇಳಿದವರು ತಿಳಿದುಕೊಂಡು ಬೇರೆ ಕಡೆ ನೋಡುತ್ತಾರೆ. ಆದರೆ ಆ ತಾಯಿಗೆ ಅದು ಮೊದಲ ಮಗಳ ಮದುವೆ, ಹೀಗೆಂದರೆ ಹೀಗೆ ಎಂದು ತಿಳಿಸುವ ಹಿರಿಯರೂ ಮನೆಯಲ್ಲಿರಲಿಲ್ಲ.

ಶ್ರಾವಣ ಹುಟ್ಟಿದ ವಾರವೇ ಅವರು ಬೆಳಗಿನ ಬಸ್ಸಿಗೆ ನಮ್ಮ ಮನೆಗೆ ಬಂದರು. ಚೀಲದ ತುಂಬ ಹೀರೇಕಾಯಿ.

"ಆಷಾಢ ಮುಗೀತಲ್ರೀ ಅಣ್ಣಾರೆ. ಮಾತುಕತೆಗೆ ಯಾವತ್ತು ಬರ್ತೀರಿ? ಮನೆಗೆ ಸುಣ್ಣ ಹೊಡೆಯಾಕೆ ಹೇಳೀನಿ."

ಅಷ್ಟರಲ್ಲಿ ನಮ್ಮ ಹುಡುಗನಿಗೆ ನ್ಯಾಮತಿಯ ಹೆಣ್ಣು ನಿಶ್ಚಯವಾಗಿತ್ತು. ತಲೆ ತಗ್ಗಿಸಿಕೊಂಡೇ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಜಗಳೂರಿನೋರು ತಾವಾಗೇ ಕೇಳ್ಕಂಡು ಬಂದಿದ್ರು" ಎಂದರು ಮೆಲ್ಲಗೆ. "ಹುಡುಗಿಗೂ ಮನಸಿತ್ತು. ಒಂದ್ ಕಡೆ ಮಾತು ಐತೆ, ನಿಮ್ಮನ್ನ ಕಾಯ್ಸೋದು ಸರಿಯಲ್ಲ ಅಂತ ನೇರ ಹೇಳಿ ಕಳಿಸಿದೆ. ನೀವೂ ಹಂಗೇ ಅಂದಿದ್ರೆ ಆಗ್ತಿತ್ತು."

ನಾಚಿಕೆಯಾಯಿತು. ನಾಜೂಕು ಎಂಬ ಮಾತನ್ನೇ ಆಡದ ಆ ಹೆಂಗಸಿಗೆ ಪರರನ್ನು ಕಾಯಿಸಬಾರದು ಎಂದು ತಿಳಿದಿತ್ತು. ನನಗೆ ಮೂವತ್ತು ವರ್ಷ ತಿಳಿದಿರಲಿಲ್ಲ.

ಅವರಿಂದಲೇ ನಂಬರು ಇಸಕೊಂಡು ಜಗಳೂರಿಗೆ ಫೋನು ಮಾಡಿದೆ. ಹುಡುಗನ ತಂದೆ ಎತ್ತಿದರು. ಸುತ್ತಿ ಬಳಸಲಿಲ್ಲ. "ತಪ್ಪು ನಂದು. ನಾನು ಇಲ್ಲ ಅನ್ನದೆ ಇವರನ್ನ ಕಾಯಿಸಿದೆ. ಹುಡುಗಿ ಒಳ್ಳೇಕಿ. ಇನ್ನೊಂದು ಸಲ ಯೋಚನೆ ಮಾಡ್ರಿ" ಎಂದೆ.

ಆ ಹಿರಿಯರು ಬಲು ಮರ್ಯಾದಸ್ಥರು. ನನ್ನ ಆರೋಗ್ಯ ಕೇಳಿದರು, ನಮ್ಮ ಕಡೆ ಮಳೆ ಹೆಂಗೆ ಎಂದರು. ಆಮೇಲೆ ತುಂಬ ಮೆತ್ತಗೆ, "ದೀಪಾವಳಿ ಕಳೀಲಿ ಬಿಡ್ರೀ, ನೋಡಣ" ಎಂದರು.

ಫೋನು ಇಟ್ಟೆ. ಆ ತಾಯಿ ಸೆರಗಿನ ತುದಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು.

"ಏನಂದ್ರು ಅಣ್ಣಾರೆ?"

ನಾಲಿಗೆಯ ತುದಿಗೆ ನಾಲ್ಕಾರು ಮಾತು ಬಂದವು, ಎಲ್ಲವೂ ನಾಜೂಕಿನವೇ. ನುಂಗಿಕೊಂಡೆ.

"ಇಲ್ಲ ಅಂದ್ರು, ತಾಯೀ."