ತಿಳಿಯಪ್ಪನಿಗೆ ತಿಳಿಯದೇ ಹೋದ ಜಿಡ್ಡು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಾಣಿಗಳ ಆಶ್ರಯಧಾಮದ ಹಿಂಬದಿಯಲ್ಲಿರುವ ತಗಡಿನ ಛಾವಣಿಯ ಅಡುಗೆಮನೆಯಲ್ಲಿ ಎರಡು ಪಾತ್ರೆಗಳು ಒಲೆಯಿಂದ ಇಳಿದು ಕೂತಿವೆ. ದೊಡ್ಡದು ನಾಯಿಗಳದು, ಚಿಕ್ಕದು ಬೆಕ್ಕುಗಳದು. ಎದುರಿಗೆ ಸ್ಟೂಲು ಹಾಕಿಕೊಂಡು ಅಡುಗೆಯವರು ಕಾಯುತ್ತಿದ್ದಾರೆ. ಆಗಾಗ ಪಾತ್ರೆಯ ಹೊರಮೈಗೆ ಅಂಗೈ ಒತ್ತಿ ನೋಡುತ್ತಾರೆ. ಗೋಡೆಯಾಚೆ ಒಂದು ನಾಯಿ ಬೊಗಳಿದ್ದೇ ತಡ, ಉಳಿದವೂ ಸೇರಿಕೊಳ್ಳುತ್ತವೆ. “ಬಂದೆ, ಬಂದೆ. ಆರಬೇಕಲ್ಲ ಮಾರಾಯ್ರಾ. ನಿಮ್ಮ ನಾಲಿಗೆ ಸುಟ್ಟರೆ ನನ್ನನ್ನೇ ಬೈತೀರಿ” ಎಂದು ಇವರು ಕೂತಲ್ಲಿಂದಲೇ ಗದರುತ್ತಾರೆ.

ಪಾತ್ರೆ ಉಗುರುಬೆಚ್ಚಗಾದ ಮೇಲೆ ಏಳುತ್ತಾರೆ. ನಾಯಿಗಳ ಪಾತ್ರೆಗೆ ಅಳತೆಯ ಸೌಟಿನಲ್ಲಿ ಸೂರ್ಯಕಾಂತಿ ಎಣ್ಣೆ, ಮೇಲೆ ಚೂರು ಮೀನೆಣ್ಣೆ. ಬೆಕ್ಕುಗಳ ಪಾತ್ರೆಗೆ ಕೋಳಿಯ ಚರ್ಮದಿಂದ ಕರಗಿಸಿಟ್ಟ ಹಳದಿ ಕೊಬ್ಬು. ಮೀನೆಣ್ಣೆಯನ್ನು ಕುದಿಯುವಾಗ ಹಾಕಿದರೆ ಅದರ ಗುಣ ಕೆಡುತ್ತದೆ, ಅದಕ್ಕೇ ಈ ಕಾಯುವಿಕೆ. ಬಾಟಲಿಯ ಮುಚ್ಚಳ ತೆಗೆದು ದಿನವೂ ಮೂಸುತ್ತಾರೆ. ಕಮಟು ವಾಸನೆ ಬಂದರೆ ಅರ್ಧ ಬಾಟಲಿ ಇದ್ದರೂ ಎಸೆಯುತ್ತಾರೆ.

ಇಲ್ಲಿ ಅರವತ್ತನಾಲ್ಕು ನಾಯಿಗಳು, ಇಪ್ಪತ್ತಮೂರು ಬೆಕ್ಕುಗಳು. ದಿನಕ್ಕೆ ಹತ್ತು ಕಿಲೋ ಅಕ್ಕಿ, ಹದಿನಾರು ಕಿಲೋ ಮಾಂಸ, ಐದು ಕಿಲೋ ಕುಂಬಳಕಾಯಿ. ತೊಳೆಯಬೇಕಾದ ತಟ್ಟೆ ಎಂಬತ್ತೇಳು, ಎರಡು ಹೊತ್ತು. ಮೊದಲ ಬಸ್ಸು ಹೊರಡುವ ಮೊದಲೇ ಇಲ್ಲಿರಬೇಕಾದ್ದರಿಂದ ಮನೆಯಿಂದ ಮುಕ್ಕಾಲು ಗಂಟೆ ನಡೆದೇ ಬರುತ್ತಾರೆ. ಮಂಡಿ ಹಿಡಿದುಕೊಂಡಿದೆ. ಅರವತ್ತಕ್ಕೆ ಕೆಲಸ ಬಿಡಬೇಕೆಂಬುದು ಇಲ್ಲಿಯ ನಿಯಮ. ಅದಕ್ಕಿನ್ನು ಏಳೇ ತಿಂಗಳು.

ಇಲ್ಲಿ ಎಲ್ಲರೂ ಅವರನ್ನು ತಿಳಿಯಪ್ಪ ಎನ್ನುತ್ತಾರೆ. ಹೆತ್ತವರು ಇಟ್ಟ ಹೆಸರಲ್ಲ ಅದು. ಮೊದಲು ಇಪ್ಪತ್ತೆರಡು ವರ್ಷ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದರು. ಆಪರೇಷನ್ ಆದವರಿಗೆ, ಪಿತ್ತಕೋಶ ಕೆಟ್ಟವರಿಗೆ, ಹೃದಯದ ರೋಗಿಗಳಿಗೆ ಜಿಡ್ಡಿಲ್ಲದ ತಿಳಿ ಬಸಿಯುವುದು ಅವರ ಕೆಲಸ. ಬೇಯಿಸಿದ ಮಾಂಸದ ನೀರನ್ನು ತಣಿಸಿ, ಮೇಲೆ ಕಟ್ಟಿದ ಕೆನೆಯಂಥ ಕೊಬ್ಬನ್ನು ಎತ್ತಿ, ಬಟ್ಟೆಯಲ್ಲಿ ಸೋಸಿದರೆ ಲೋಟದ ತಳದಲ್ಲಿ ಕೊರೆದ ಅಕ್ಷರ ಓದಬಹುದಿತ್ತಂತೆ. ಅಲ್ಲಿನ ನರ್ಸಮ್ಮಂದಿರು ಇಟ್ಟ ಹೆಸರು ಅದು. ಅಡುಗೆಮನೆಯನ್ನು ಗುತ್ತಿಗೆದಾರರಿಗೆ ಒಪ್ಪಿಸಿದಾಗ ಹಳಬರಿಗೆಲ್ಲ ಬಾಗಿಲು ತೋರಿಸಿದರು. ಒಂದಷ್ಟು ತಿಂಗಳು ಮನೆಯಲ್ಲಿ ಕೈಕಟ್ಟಿ ಕೂತರು. ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬರುವಾಗ ಉಳಿದದ್ದನ್ನೆಲ್ಲ ಅಲ್ಲೇ ಬಿಟ್ಟು, ಹೆಸರನ್ನೂ ಆ ಕೈಗುಣವನ್ನೂ ಮಾತ್ರ ಕಟ್ಟಿಕೊಂಡು ಬಂದರು.

“ಅದೇ ತಪ್ಪಾಯ್ತಮ್ಮ” ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಸೌಟು ತಿರುವುತ್ತಾ. “ಕೊಬ್ಬು ಅಂದ್ರೆ ಕಸ ಅಂತ ನನ್ನ ಕೈಗೆ ಅಭ್ಯಾಸ ಆಗಿಹೋಗಿತ್ತು. ಚರ್ಮ ಸುಲಿದೆ, ಕೊಬ್ಬು ಕತ್ತರಿಸಿದೆ, ಮೇಲೆ ತೇಲಿದ ಜಿಡ್ಡನ್ನ ಬಗ್ಗಿಸಿ ಬಗ್ಗಿಸಿ ಚೆಲ್ಲಿದೆ. ಪಾಪದ ಮೂಕಪ್ರಾಣಿಗಳು, ಶುಚಿಯಾಗಿ ಉಣ್ಣಲಿ ಅಂತ. ಮೂರು ವರ್ಷ.”

ಆ ಮೂರು ವರ್ಷ ಎಲ್ಲರೂ ಅವರ ಬೆನ್ನು ತಟ್ಟಿದರು. ಮನೆಗಳಲ್ಲೂ ಇಷ್ಟು ಶುಚಿಯಾಗಿ ಬೇಯಿಸುವುದಿಲ್ಲ ಎಂದು ಬಂದವರೆಲ್ಲ ಹೊಗಳಿದರು. ಅತ್ತ ನಾಯಿ, ಬೆಕ್ಕುಗಳ ಮೈ ಮಂಕಾಗುತ್ತಾ ಬಂತು. ಹೊಟ್ಟು ಉದುರಿತು, ತುರಿಕೆ ಹತ್ತಿತು, ಕಿವಿ ಸೋರಿತು, ಗಾಯ ಬೇಗ ಮಾಯಲಿಲ್ಲ. ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಮುಲಾಮು ಬದಲಿಸಿದರು, ಸ್ನಾನದ ಔಷಧಿ ಬದಲಿಸಿದರು. ಊಟದ ಮೇಲೆ ಯಾರಿಗೂ ಅನುಮಾನ ಹುಟ್ಟಲಿಲ್ಲ.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಚರಂಡಿ. ಹೋದ ವರ್ಷ ಒಂದು ಬೆಳಿಗ್ಗೆ ಅಡುಗೆಮನೆಯ ಪೈಪು ಕಟ್ಟಿಕೊಂಡು ನೀರೆಲ್ಲ ಅಂಗಳಕ್ಕೆ ಬಂತು. ಪ್ಲಂಬರ್ ಒಳಗಿಂದ ಬಿಳಿ ಮೇಣದಂಥ ಗಡ್ಡೆಗಳನ್ನು ಬಕೆಟ್ಟುಗಟ್ಟಲೆ ತೆಗೆದು ಹಾಕುತ್ತಿದ್ದ. ಡಾಕ್ಟರಮ್ಮ ಮೂಗು ಮುಚ್ಚಿಕೊಂಡು ದಾಟಿ ಹೋದವರು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದರು.

“ಇದೇನ್ರೀ?”

“ಜಿಡ್ಡು ಮೇಡಂ. ಊಟದಲ್ಲಿ ಒಂದು ತೊಟ್ಟೂ ಬಿಡಲ್ಲ ನಾನು” ಎಂದರಂತೆ ಇವರು, ಹೆಮ್ಮೆಯಿಂದಲೇ.

ಡಾಕ್ಟರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ದಿನದ ಮಾತು ಬಂದರೆ ಈಗಲೂ ಅವರ ದನಿ ತಗ್ಗುತ್ತದೆ. “ಅವರೊಬ್ಬರ ತಪ್ಪು ಅಂತ ಬರೀಬೇಡಿ. ನಾನು ಮೂರು ವರ್ಷ ತಟ್ಟೆ ನೋಡಿದೆ, ಪಾತ್ರೆ ನೋಡಲಿಲ್ಲ.”

ದೇಹ ತಾನಾಗಿ ತಯಾರಿಸಿಕೊಳ್ಳಲಾರದ, ಊಟದಿಂದಲೇ ಸಿಗಬೇಕಾದ ಕೆಲವು ಕೊಬ್ಬಿನಾಮ್ಲಗಳಿವೆ ಎಂದು ಅವರು ವಿವರಿಸುತ್ತಾರೆ. ಚರ್ಮಕ್ಕೆ ಒಳಗಿನ ತೇವ ಹಿಡಿದಿಡುವ ಶಕ್ತಿ, ಕೂದಲಿಗೆ ಹೊಳಪು, ಗಾಯ ಕೂಡಿಕೊಳ್ಳುವ ಗುಣ ಎಲ್ಲಕ್ಕೂ ಅವು ಬೇಕು. ಹಾಗಂತ ಸುರಿಯುವಂತೆಯೂ ಇಲ್ಲ; ಹೆಚ್ಚಾದರೆ ಭೇದಿ, ಮೇದೋಜೀರಕ ಗ್ರಂಥಿಗೆ ಪೆಟ್ಟು.

ಅಂದಿನಿಂದ ತಿಳಿಯಪ್ಪ ಎರಡೂ ಪಾತ್ರೆಗೆ ಸೂರ್ಯಕಾಂತಿ ಎಣ್ಣೆ ಹಾಕತೊಡಗಿದರು. ಚರ್ಮ ಸುಲಿಯುವ, ಕೊಬ್ಬು ಎತ್ತುವ ಕೈ ಮಾತ್ರ ನಿಲ್ಲಲಿಲ್ಲ. ಎರಡು ತಿಂಗಳಲ್ಲಿ ನಾಯಿಗಳ ಮೈ ತಿರುಗಿತು. ಬೆಕ್ಕುಗಳದು ತಿರುಗಲಿಲ್ಲ. ಗೇಟು ತಪ್ಪಿಸಿಕೊಂಡು ಹೋಗಿ ಬಸಿರಾಗಿ ಬಂದಿದ್ದ ಒಂದು ಬೂದು ಬೆಕ್ಕು ಆ ದಿನಗಳಲ್ಲಿ ನಾಲ್ಕು ಮರಿ ಹಾಕಿತು. ಒಂದಕ್ಕೂ ಉಸಿರಿರಲಿಲ್ಲ.

“ಆಮೇಲೆ ಮೇಡಂ ಕೇಳಿದ್ರು, ಬೆಕ್ಕಿಗೆ ಯಾವ ಕೊಬ್ಬು ಹಾಕ್ತಿದ್ದೀರಿ ಅಂತ. ಎಣ್ಣೆ ಎಣ್ಣೆನೇ ಅಲ್ವಾ ಮೇಡಂ ಅಂದೆ.” ತಿಳಿಯಪ್ಪ ಬೆಕ್ಕುಗಳ ಪಾತ್ರೆಯನ್ನು ಒಮ್ಮೆ ಕಲಕುತ್ತಾರೆ. “ಅವರು ಹೇಳಿದ್ರು, ನಾಯಿಗೆ ನೂಲು ಕೊಟ್ರೆ ಅದರ ಮೈಯೇ ಬಟ್ಟೆ ನೇಯ್ಕೊಳ್ಳುತ್ತೆ, ಬೆಕ್ಕಿನ ಮೈಗೆ ಆ ಮಗ್ಗ ಇಲ್ಲ, ನೇಯ್ದ ಬಟ್ಟೆನೇ ಕೊಡಬೇಕು ಅಂತ. ಅಂದ್ರೆ ಮಾಂಸದ ಕೊಬ್ಬೇ ಬೇಕು. ನಾನು ಕೈಯಾರೆ ಚೆಲ್ತಿದ್ನಲ್ಲ, ಅದೇ.”

ಮರಿಗಳು ಸಾಯಲು ಇದೊಂದೇ ಕಾರಣ ಎಂದು ಹೇಳಲಾಗದು ಎನ್ನುತ್ತಾರೆ ಡಾಕ್ಟರಮ್ಮ. ತಿಳಿಯಪ್ಪ ಆ ಸಮಾಧಾನವನ್ನು ತೆಗೆದುಕೊಳ್ಳುವುದಿಲ್ಲ. “ಆಸ್ಪತ್ರೆಯಲ್ಲಿ ತಿಳಿ ತೆಗೆದೆ, ಇಲ್ಲೂ ತೆಗೆದೆ. ತಿಳ್ಕೊಳ್ಳೋದೊಂದು ಬಿಟ್ಟೆ” ಎಂದು ನಗಲು ನೋಡುತ್ತಾರೆ. ನಗು ಪೂರ್ತಿ ಬರುವುದಿಲ್ಲ.

ಅವರ ಮನಸ್ಸನ್ನು ಈಗ ಕೊರೆಯುತ್ತಿರುವುದು ಒಂದು ಕಪ್ಪು ಹೆಣ್ಣು ನಾಯಿ. ಹೆಸರು ಮಸಿ. ಇವರು ಕೆಲಸಕ್ಕೆ ಸೇರಿದ ತಿಂಗಳೇ ಐದು ತಿಂಗಳ ಮರಿಯಾಗಿ ಬಂದದ್ದು. ಆಗ ಮೈ ಮಿರಮಿರ ಮಿಂಚುತ್ತಿತ್ತು. ಜೊತೆಗೆ ಬಂದ ಮರಿಗಳೆಲ್ಲ ಒಂದೊಂದು ಮನೆ ಸೇರಿದವು. ಇವಳ ಬೆನ್ನು ಬೋಳಾಯಿತು. ಗೂಡಿನ ಮುಂದಿನ ಚೀಟಿಯಲ್ಲಿ ‘ಚರ್ಮರೋಗ’ ಎಂದು ಬರೆದರು. ಸಾಕಲು ನಾಯಿ ಹುಡುಕಿ ಬಂದವರು ಆ ಪದ ಓದಿ, ಮಕ್ಕಳ ಕೈ ಹಿಡಿದೆಳೆದುಕೊಂಡು ಮುಂದೆ ಹೋದರು. ಕೂದಲು ತುಂಬಿಕೊಂಡು ಹತ್ತು ತಿಂಗಳು ಕಳೆದರೂ ಚೀಟಿ ಹಾಗೇ ನೇತಾಡುತ್ತಿತ್ತು. ಹಿಂಬಾಗಿಲಿಂದ ತಟ್ಟೆ ತಳ್ಳುವ ತಿಳಿಯಪ್ಪ ಅದನ್ನು ನೋಡಿದ್ದು ಎರಡು ತಿಂಗಳ ಹಿಂದೆ, ಮುಂಬದಿಯ ಬಲ್ಬು ಬದಲಿಸಲು ಹೋದಾಗ.

ಚೀಟಿ ಬಿಚ್ಚಿಕೊಂಡು ನೇರವಾಗಿ ಮೇಲ್ವಿಚಾರಕಿಯ ಮೇಜಿನ ಮುಂದೆ ಹೋಗಿ ನಿಂತರು. ಆಕೆ ಚೀಟಿ ಇಸಿದುಕೊಂಡು, ಕೆಳಗೆ ‘ಗುಣವಾಗಿದೆ’ ಎಂದು ಸೇರಿಸಿದರು.

“ಗುಣವಾಗಿದೆ ಅಂದ್ರೆ ರೋಗ ಇತ್ತು ಅಂತಾಯ್ತಲ್ಲಕ್ಕ. ಅವಳಿಗೆ ರೋಗ ಇರಲಿಲ್ಲ. ನನ್ನ ಅಡುಗೆ ಇತ್ತು.”

“ಮತ್ತೇನಂತ ಬರೀಲಿ? ನಿಮ್ಮ ತಪ್ಪು ಅಂತಲಾ?”

“ಹ್ಞೂಂ, ಹಾಗೇ ಬರೀರಿ.”

“ನೋಡಿದವರು ಏನಂದ್ಕೋತಾರೆ ಅಣ್ಣ? ಇಲ್ಲಿ ಊಟನೂ ಸರಿಯಾಗಿ ಹಾಕಲ್ಲ ಅಂತಾರೆ.”

“ಅನ್ನಲಿ. ಈಗ ಅವಳನ್ನ ಅಂತಿದ್ದಾರಲ್ಲ.”

ವಾದ ಮೂರು ದಿನ ನಡೆಯಿತು. ಈಗಿನ ಚೀಟಿಯಲ್ಲಿ ಹೀಗಿದೆ: ‘ಊಟದಲ್ಲಿ ಕೊಬ್ಬು ಸಾಲದೆ ಕೂದಲು ಉದುರಿತ್ತು. ತಪ್ಪು ಅಡುಗೆಯವರದು. ಅವರನ್ನೇ ಕೇಳಿ.’

ಕೇಳಲು ಜನ ಬರುತ್ತಾರೆ. ನಾನು ಇಲ್ಲಿದ್ದ ಭಾನುವಾರ ಒಬ್ಬ ತಾಯಿ, ಕಾಲೇಜಿಗೆ ಹೋಗುವ ಮಗಳು ಬಂದಿದ್ದರು. ತಿಳಿಯಪ್ಪ ಏಪ್ರನ್ನಿಗೆ ಕೈ ಒರೆಸಿಕೊಂಡು ಓಡಿ ಬಂದು, ಆಸ್ಪತ್ರೆಯಿಂದ ಹಿಡಿದು ಚರಂಡಿಯವರೆಗೆ ಎಲ್ಲವನ್ನೂ ಒಪ್ಪಿಸಿದರು. ಮಗಳು ಸರಳಿನ ಸಂದಿಯಲ್ಲಿ ಕೈ ತೂರಿಸಿ ಮಸಿಯ ಕುತ್ತಿಗೆ ಸವರಿದಳು. “ರೇಷ್ಮೆ ಇದ್ದ ಹಾಗಿದೆ ಕಣಮ್ಮ.”

“ನಾಲ್ಕು ವರ್ಷ ದಾಟಿದೆ ಅಂತಿದ್ದಾರಲ್ಲೇ” ಎಂದರು ತಾಯಿ. “ಮರಿಯಾದ್ರೆ ನಮಗೆ ಹೊಂದ್ಕೊಳ್ಳುತ್ತೆ.” ಆಮೇಲೆ ತಿಳಿಯಪ್ಪನ ಕಡೆ ತಿರುಗಿ, “ಬೇಜಾರು ಮಾಡ್ಕೋಬೇಡಿಪ್ಪ, ನೀವು ನಿಜ ಹೇಳಿದ್ದು ಒಳ್ಳೇದಾಯ್ತು” ಎಂದರು. ಪಕ್ಕದ ಗೂಡಿನ ಕಂದು ಮರಿಯನ್ನು ಎತ್ತಿಕೊಂಡು ಹೋದರು. ಹೊಸ ಚೀಟಿ ಬರೆದ ಮೇಲೆ ಮಸಿಯನ್ನು ನೋಡಿ ಹೋದ ಏಳನೇ ಮನೆ ಅದು.

ನೀವೇ ಕರೆದೊಯ್ಯಬಾರದೇ ಎಂದು ಕೇಳುತ್ತೇನೆ. “ನಮ್ಮನೆಯವಳಿಗೆ ಉಬ್ಬಸ ಅಮ್ಮ. ನನ್ನ ಅಂಗಿಗೆ ಅಂಟಿಕೊಂಡು ಹೋಗೋ ಕೂದಲಿಗೇ ರಾತ್ರಿಯೆಲ್ಲ ಕೂತ್ಕೊಂಡಿರ್ತಾಳೆ. ಬಾಗಿಲಲ್ಲೇ ಬಟ್ಟೆ ಬದಲಾಯಿಸ್ತೀನಿ.”

ಸಂಜೆಯ ತಟ್ಟೆ ಬರಿದು ಮಾಡಿದ ಮಸಿ ಸರಳಿಗೆ ಒರಗಿ ಅಡ್ಡಾಗಿದ್ದಾಳೆ. ತಿಳಿಯಪ್ಪ ಮಂಡಿ ಹಿಡಿದುಕೊಂಡು ನಿಧಾನವಾಗಿ ಅವಳ ಪಕ್ಕ ಕೂರುತ್ತಾರೆ. ಕೆಲಸ ಬಿಟ್ಟ ಮೇಲೆ ಏನು ಆಸೆ ಎಂದರೆ ತಮಗಾಗಿ ಏನನ್ನೂ ಹೇಳುವುದಿಲ್ಲ.

“ಇಬ್ಬರೂ ಒಂದೇ ತಿಂಗಳು ಒಳಗೆ ಬಂದ್ವಿ. ನಾನು ಹೋಗೋ ದಿನ ಇವಳು ಇಲ್ಲಿ ಇರಬಾರದು ಅಮ್ಮ. ಯಾರ ಮನೆಯಾದ್ರೂ ಆಗಲಿ, ನನಗಿಂತ ಒಂದು ದಿನ ಮುಂಚೆ ಹೋದ್ರೂ ಸಾಕು.”