ಬಾಗಿಲು ಹಾಕಿ ನಿಂತ ವಿಮಾನ

ಕುಂದಗೋಳದ ಖಾಜಾಸಾಬರ ಮಗಳು ಜಾಸ್ಮಿನ್ ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದಾಗ, ವಿಮಾನವೇ ತಮ್ಮದಾಯಿತೆಂದು ಓಣಿಯ ಮಂದಿ ತಿಳಿದರು. ಅದಕ್ಕೆ ಕಾರಣವೂ ಇತ್ತು. ಖಾಜಾಸಾಬರು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಹುಬ್ಬಳ್ಳಿಗೆ ಹೋಗುವ ಆ ಬಸ್ಸನ್ನು ಅವರು ಹೊತ್ತಿಗೆ ಸರಿಯಾಗಿ ಬಿಟ್ಟದ್ದೇ ಅಪರೂಪ. ಪರೀಕ್ಷೆಗೆ ಹೊರಟ ಹುಡುಗಿ ಓಡುತ್ತ ಬರುತ್ತಿದ್ದರೆ, ದವಾಖಾನೆಗೆ ಹೋಗುವ ಮುದುಕಿ ದೂರದಲ್ಲಿ ಕೈಯೆತ್ತಿದರೆ ಬಸ್ಸು ನಿಲ್ಲುತ್ತಿತ್ತು. ಒಳಗೆ ಕೂತವರು ಗೊಣಗುತ್ತಿದ್ದರು. ನಾಳೆ ತಮಗೂ ನಿಲ್ಲಬೇಕಲ್ಲ ಎಂದು ಆಮೇಲೆ ಸುಮ್ಮನಾಗುತ್ತಿದ್ದರು. ಅಪ್ಪ ಬಸ್ಸು ನಿಲ್ಲಿಸಿದ, ಮಗಳು ವಿಮಾನ ನಿಲ್ಲಿಸುತ್ತಾಳೆ ಎಂದು ಓಣಿಯವರು ನಂಬಿದರು.

ಪಾಪ, ಜಾಸ್ಮಿನ್‌ಳ ಕೈಯಲ್ಲಿ ಏನೂ ಇರಲಿಲ್ಲ. ಕಿವಿಯಲ್ಲಿ ಒಂದು ದನಿ ಇತ್ತು, ಅಷ್ಟೇ. ದಿಲ್ಲಿಯ ಹತ್ತಿರ ಎಲ್ಲೋ ಒಂದು ದೊಡ್ಡ ಕೋಣೆಯಲ್ಲಿ ಕೂತು ಕಂಪನಿಯ ಅಷ್ಟೂ ವಿಮಾನಗಳ ಮೇಲೆ ಕಣ್ಣಿಟ್ಟವರ ದನಿ ಅದು. ‘ಹುಬ್ಬಳ್ಳಿ, ಎಷ್ಟು ಮಂದಿ ಹತ್ತಿದರು? ಹುಬ್ಬಳ್ಳಿ, ಬಾಗಿಲು ಹಾಕಿದಿರಾ?’ ಆ ದನಿಗೆ ಅವಳು ಜಾಸ್ಮಿನ್ ಅಲ್ಲ, ಬರೀ ಹುಬ್ಬಳ್ಳಿ. ವಿಮಾನ ತಡವಾದರೆ ಏಕೆಂದು ದನಿ ಹೇಳುತ್ತಿರಲಿಲ್ಲ; ‘ಕಾರ್ಯಾಚರಣೆಯ ಕಾರಣ’ ಎಂದುಬಿಡಿ ಎನ್ನುತ್ತಿತ್ತು. ಅವಳು ಹಾಗೇ ಎನ್ನುತ್ತಿದ್ದಳು. ಹಾಗೆಂದರೆ ಏನಮ್ಮಾ ಎಂದು ಜನ ಮೈಮೇಲೆ ಬೀಳುತ್ತಿದ್ದರು. ದಿಲ್ಲಿಯವರು ಯಾರ ಕೈಗೂ ಸಿಗುವುದಿಲ್ಲ, ಇವಳು ಎದುರಿಗೇ ಇರುತ್ತಾಳೆ.

ಒಂದು ಬೆಳಿಗ್ಗೆ ಬಾಜು ಮನೆಯ ಅನ್ನವ್ವನಿಗೆ ಬೆಂಗಳೂರಿನಿಂದ ಅಳಿಯನ ಫೋನು ಬಂತು. ಮಗಳು ದಾನೇಶ್ವರಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿತ್ತು. ಕೂಸು ಚೆನ್ನಾಗಿದೆ, ಆದರೆ ತಾಯಿಗೆ ರಕ್ತ ನಿಲ್ಲುತ್ತಿಲ್ಲ, ಅವ್ವ ಎಲ್ಲಿ ಅವ್ವ ಎಲ್ಲಿ ಎಂದು ಕೇಳುತ್ತಿದ್ದಾಳೆ ಎಂದು ಅವನು ಅತ್ತ. ದಾನೇಶ್ವರಿ ಮತ್ತು ಜಾಸ್ಮಿನ್ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅನ್ನವ್ವ ಬಡಿದ ರೊಟ್ಟಿ ತಿಂದು ಬೆಳೆದವರು. ಜಾಸ್ಮಿನ್ ಮಧ್ಯಾಹ್ನದ ವಿಮಾನಕ್ಕೆ ತಾನೇ ಟಿಕೆಟ್ ತೆಗೆದಳು. ಬೋರ್ಡಿಂಗ್ ಪಾಸನ್ನೂ ತೆಗೆದು ಜೇಬಿನಲ್ಲಿಟ್ಟುಕೊಂಡು ಕಾದಳು. ಅನ್ನವ್ವನನ್ನು ಕರೆತರಲು ಖಾಜಾಸಾಬರೇ ಯಾರದೋ ಕಾರು ಕೇಳಿ ತಂದು ಹೊರಟರು.

ಹತ್ತುವವರ ಸಾಲು ಕರಗುತ್ತ ಬಂದಾಗ ಅವರ ಫೋನು ಬಂತು.

“ರೈಲ್ವೆ ಗೇಟ್ ಹಾಕ್ಯಾರವ್ವಾ. ಗೂಡ್ಸ್ ಗಾಡಿ ನಡಬರಕ ನಿಂತಬಿಟ್ಟೈತಿ. ಹತ್ತ ಮಿನಿಟ್ ನಿಂದ್ರಸ.”

“ಅಬ್ಬಾ, ಇದು ಬಸ್ ಅಲ್ರಿ.”

“ಗೊತ್ತೈತಿ. ಒಂದ ಮಾತ ಕೇಳಿ ನೋಡವ್ವಾ, ಕೇಳಿದ್ರ ಏನ್ ಕಳಕೊಳ್ತಿ?”

ಕೇಳಿದಳು. ದನಿ ಗದರಲಿಲ್ಲ. ಇದೇ ವಿಮಾನ ಬೆಂಗಳೂರಿನಿಂದ ಮುಂದೆ ಇನ್ನೆರಡು ಊರಿಗೆ ಹೋಗಬೇಕು, ಕ್ಷಮಿಸಿ ಹುಬ್ಬಳ್ಳಿ, ಬಾಗಿಲು ಹಾಕಿ ಎಂದಿತು. ಅವಳ ಮುಂದೆ ಇನ್ನೊಂದು ದಾರಿ ಇತ್ತು. ಸಾಮಾನಿನ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಒಂದು ಸುಳ್ಳು ಬಿಟ್ಟಿದ್ದರೆ ಹತ್ತು ನಿಮಿಷ ಸಲೀಸಾಗಿ ಸಿಗುತ್ತಿತ್ತು. ಸುಳ್ಳು ಬಾಯಿತನಕ ಬಂದಿತ್ತು ಕೂಡ. ಆಮೇಲೆ ವಿಚಾರಣೆ ನಡೆಯುತ್ತದೆ, ಕೆಲಸ ಹೋಗುತ್ತದೆ. ಹೆದರಿದಳು. ಅದಕ್ಕೆ ಬೇರೆ ಚಂದದ ಹೆಸರು ಕೊಡುವುದು ಬೇಡ.

ಒಬ್ಬರು ಕಡಿಮೆಯೇ ಎಂದು ದನಿ ಕೇಳಿತು.

“ಹೌದು ಸರ್. ಒಬ್ಬರು ಬಂದಿಲ್ಲ,” ಎಂದಳು. ಬಾಗಿಲು ಹಾಕಿದರು.

ಸ್ವಲ್ಪ ಹೊತ್ತಿಗೇ ಕಾರು ಬಂತು. ಜಾಸ್ಮಿನ್ ಹೊರಗೆ ಓಡಿದಳು. ಅನ್ನವ್ವ ಆಗಲೇ ಕಟ್ಟಡದ ಬಾಜುವಿನ ಜಾಲರಿ ಬೇಲಿಗೆ ಮುಖವಿಟ್ಟು ನೋಡುತ್ತಿದ್ದಳು. ಕೈಯಲ್ಲಿ ಮೊಮ್ಮಗುವಿಗೆಂದು ಹಳೆಯ ಸೀರೆಯಲ್ಲಿ ಹೊಲಿದ ಕುಂಚಿಗೆ. ಬೇಲಿಯಾಚೆ ವಿಮಾನ ನಿಂತಲ್ಲೇ ನಿಂತಿತ್ತು.

“ನಿಂದ್ರಿಸೀದೇನವ್ವಾ!” ಎಂದು ಅನ್ನವ್ವ ಅವಳ ಗಲ್ಲ ಸವರಿ ಲಟಿಕೆ ಮುರಿದಳು. “ಖಾಜಾಸಾಬಣ್ಣನ ಮಗಳಲ್ಲ ನೀ!”

ಖಾಜಾಸಾಬರ ಮುಖವೂ ಅರಳಿತು. ಜಾಸ್ಮಿನ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ವಿಮಾನವನ್ನು ಅವಳು ನಿಲ್ಲಿಸಿರಲಿಲ್ಲ. ಬಾಗಿಲು ಹಾಕಿದ ಮೇಲೆ, ಸದ್ಯಕ್ಕೆ ಬಿಡಬೇಡಿ ಎಂದು ಮೇಲಿನವರಿಂದ ಅಪ್ಪಣೆ ಬಂದಿತ್ತು.

ಮತ್ತೆ ಆ ದನಿಯನ್ನು ಕರೆದಳು. ಹೇಗೂ ನಿಂತಿದೆಯಲ್ಲ ಸರ್, ಒಬ್ಬ ಹೆಣ್ಣುಮಗಳಿದ್ದಾಳೆ, ಬಾಗಿಲು ತೆಗೆಸಿ ಎಂದು ಅಂಗಲಾಚಿದಳು. ಮಂದಿಯ ಲೆಕ್ಕ, ತೂಕದ ಲೆಕ್ಕ ಎಲ್ಲ ಪೈಲಟ್‌ಗೆ ಹೋಗಿಯಾಗಿದೆ, ಯಾವ ಗಳಿಗೆಯಲ್ಲೂ ಹೊರಡು ಎನ್ನಬಹುದು, ಆಗ ಬಾಗಿಲು ತೆರೆದಿದ್ದರೆ ಸರದಿ ತಪ್ಪುತ್ತದೆ ಎಂದಿತು ದನಿ. ಹಾಗಾದರೆ ಏಕೆ ನಿಲ್ಲಿಸಿದ್ದೀರಿ ಎಂದು ಕೇಳಿದಳು.

“ಕಾರ್ಯಾಚರಣೆಯ ಕಾರಣ, ಹುಬ್ಬಳ್ಳಿ.”

ವಿಮಾನ ಮುಕ್ಕಾಲು ತಾಸು ಹಾಗೇ ನಿಂತಿತು. ಅನ್ನವ್ವನನ್ನು ಕೈಹಿಡಿದು ಮೆಲ್ಲಗೆ ನಡೆಸಿಕೊಂಡು ಹೋಗಿ ಅವಳ ಸೀಟಿನಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟು ಬರುವಷ್ಟು ಹೊತ್ತು. ಜೇಬಿನಲ್ಲಿ ಪಾಸು, ಕಿವಿಯಲ್ಲಿ ದನಿ, ಎದುರಿಗೆ ಅನ್ನವ್ವ. ಜಾಸ್ಮಿನ್‌ಗೆ ಆ ಕಡೆಯೂ ಹೋಗಲಾಗಲಿಲ್ಲ, ಈ ಕಡೆಯೂ ಇರಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದಳು. ಅನ್ನವ್ವನಿಗೆ ತಿಳಿಯಲಿಲ್ಲ. ಖಾಜಾಸಾಬರಿಗೆ ತಿಳಿಯಿತು.

“ನಿಲ್ಲೂದಿದ್ರ ಬಾಗ್ಲಾ ತಗದ ನಿಲ್ಲಬೇಕು,” ಎಂದರು. “ಬಾಗ್ಲಾ ಹಾಕ್ಕೊಂಡ ನಿಲ್ಲೂದು ಯಾತರ ನಿಲ್ಲೂದವ್ವಾ?”

ವಿಮಾನ ಹಾರಿದ ಮೇಲೆ ಅವರೇ ಅನ್ನವ್ವನನ್ನು ಬೆಂಗಳೂರು ಬಸ್ಸಿಗೆ ಹತ್ತಿಸಿದರು. ದೀಪ ಹಚ್ಚುವ ಹೊತ್ತಿಗೆ ದಾನೇಶ್ವರಿ ತೀರಿಕೊಂಡಳು. ಆಗ ಬಸ್ಸು ಇನ್ನೂ ದಾವಣಗೆರೆಯ ಹತ್ತಿರವಿತ್ತು. ವಿಮಾನ ಬೆಂಗಳೂರಿನಲ್ಲಿ ಯಾವಾಗಲೋ ಇಳಿದಿತ್ತು.

ಆ ದಿನ ಬೆಂಗಳೂರಿನಲ್ಲಿ ಮಳೆಗೆ ವಿಮಾನಗಳೆಲ್ಲ ತಡವಾಗಿ, ಇಳಿಯಲು ಜಾಗವಿಲ್ಲದೆ ನಿಮ್ಮದನ್ನು ತಡೆದಿದ್ದರು ಎಂದು ದನಿ ಮರುದಿನ ತಾನಾಗಿಯೇ ಹೇಳಿತು. ಮೆದು ಮನಸ್ಸಿನ ಮನುಷ್ಯನೇ ಇರಬೇಕು. ಜಾಸ್ಮಿನ್ ಥ್ಯಾಂಕ್ಯೂ ಸರ್ ಎಂದಳು. ಮನೆ ನಡೆಯುವುದು ಅವಳ ಸಂಬಳದಿಂದ. ‘ಹುಬ್ಬಳ್ಳಿ’ ಎಂದು ಕರೆದಾಗ ಇಂದಿಗೂ ಓಗೊಡುತ್ತಾಳೆ. ಓಣಿಯಲ್ಲಿ ಈಗ ಯಾರೂ ಅವಳ ಹತ್ತಿರ ವಿಮಾನದ ಮಾತೆತ್ತುವುದಿಲ್ಲ.

ಅನ್ನವ್ವ ಕೂಸನ್ನು ಕರೆದುಕೊಂಡು ಊರಿಗೆ ಬಂದ ಮೇಲೆ ಜಾಸ್ಮಿನ್ ನೋಡಲು ಹೋದಳು. ಕೂಸು ಕುಂಚಿಗೆ ಹಾಕಿಕೊಂಡು ತೊಡೆಯ ಮೇಲೆ ಮಲಗಿತ್ತು. ಅನ್ನವ್ವ ಬೈಯಲಿಲ್ಲ. ಒಂದೇ ಮಾತು ಕೇಳಿದಳು.

“ಅವತ್ತ ಅದು ಯಾಕ ನಿಂತಿತ್ತವ್ವಾ?”

ಬಾಯಿಪಾಠವಾಗಿದ್ದ ಆ ಎರಡು ಶಬ್ದ ನಾಲಿಗೆಗೆ ಬಂದವು. ಜಾಸ್ಮಿನ್ ನುಂಗಿಕೊಂಡಳು.

“ಬೆಂಗಳೂರಾಗ ಇಳಿಯಾಕ ಜಾಗಾ ಇರಲಿಲ್ಲಂತ್ರಿ, ಕಾಕು.”

ಅನ್ನವ್ವ ಕುಂಚಿಗೆಯ ದಾರ ಸಡಿಲಿಸಿದಳು.

“ಇಲ್ಲೆ ಹತ್ತಾಕ ಇತ್ತಲ್ಲ. ನನ್ನ ಸೀಟ್ ಖಾಲಿ ಇತ್ತಲ್ಲವ್ವಾ.”

“ಹೌದ್ರಿ ಕಾಕು,” ಎಂದಳು ಜಾಸ್ಮಿನ್. “ಖಾಲೀನ ಹೋತು.”