ಒಳಗೆ ಬಿಟ್ಟ ಒಂದಿಂಚು

ದರ್ಜಿ ಮಾಸ್ತರರು ಯಾವ ಪ್ಯಾಂಟು ಹೊಲಿದರೂ ಒಳಗೆ ಒಂದಿಂಚು ಬಟ್ಟೆಯನ್ನು ಮಡಚಿ ಬಿಡುತ್ತಿದ್ದರು. ಹೊಟ್ಟೆ ಬಂದಾಗ ಬಿಚ್ಚಿಕೊಳ್ಳಲು ಇರಲಿ ಎಂಬುದು ಅವರ ಸಿದ್ಧಾಂತ. ಇಪ್ಪತ್ತೆಂಟು ವರ್ಷಗಳಲ್ಲಿ ಈ ಸಿದ್ಧಾಂತ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಗಿರಾಕಿಗಳ ಹೊಟ್ಟೆಯೂ ಕೈಕೊಟ್ಟಿರಲಿಲ್ಲ.

ಅಂಗಡಿಯ ಎದುರಿಗೇ ಒಂದು ಬಾರ್. ಅಲ್ಲಿದ್ದ ಪೂಲ್ ಮೇಜಿನ ಹಸಿರು ಬಟ್ಟೆ ಎಡಮೂಲೆಯ ಪಾಕೆಟ್ ಹತ್ತಿರ ಹರಿದು ಎಷ್ಟೋ ವರ್ಷವಾಗಿತ್ತು. ಆ ಕಡೆ ಹೊಡೆದ ಚೆಂಡು ಎಡವಿ ಬೇರೆಲ್ಲೋ ಹೋಗುತ್ತಿದ್ದುದರಿಂದ ಆಟಗಾರರು ಆ ಮೂಲೆಯನ್ನೇ ಮರೆತಿದ್ದರು. ಬಾರ್ ಮಾಲೀಕ ಬಲು ಲೆಕ್ಕಾಚಾರದ ಆಸಾಮಿ. ಮೇಜಿನ ಕೆಲಸ ಬಲ್ಲವರನ್ನು ಬಿಟ್ಟು ಮಾಸ್ತರರನ್ನು ಕರೆದ; ಕೂಲಿಗೆ ಬದಲಾಗಿ ಒಂದು ತಿಂಗಳು ಪುಕ್ಕಟೆ ಆಟ ಎಂದ. ಅವನು ತಂದ ಹೊಸ ಬಟ್ಟೆಯ ಅಗಲ ಸಾಲಲಿಲ್ಲ. ಮಾಸ್ತರರು ಎರಡು ತುಂಡು ಜೋಡಿಸಿ, ಪ್ಯಾಂಟಿಗೆ ತೋರುವಷ್ಟೇ ಶ್ರದ್ಧೆಯಿಂದ ಹೊಲಿದು, ಎಳೆದು ಬಿಗಿದು ಕೊಟ್ಟರು.

ಆಮೇಲೆ ಕೋಲು ಹಿಡಿದರು. ಹುಟ್ಟಿದಂದಿನಿಂದ ಆಡಿದವರಲ್ಲ, ಯಾವ ಮೂಲೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ಅವರಿಗೇನು ಗೊತ್ತು? ತಾವು ನಿಂತಲ್ಲಿಂದ ಕಂಡದ್ದು ಎಡಮೂಲೆ, ಅಲ್ಲಿಗೇ ಹೊಡೆದರು. ಚೆಂಡು ಬಿತ್ತು. ಇನ್ನೊಂದೂ ಬಿತ್ತು. ಅಲ್ಲಿನ ಪದ್ಧತಿ ಸರಳ: ಸೋತವನು ಪಣದ ದುಡ್ಡು ಇಟ್ಟು ಹೋಗಬೇಕು, ಗೆದ್ದವನು ಮೇಜಿನ ಬಳಿಯೇ ನಿಂತು ಮುಂದಿನವನನ್ನು ಎದುರಿಸಬೇಕು. ಮೂರು ವಾರ ಮಾಸ್ತರರು ಹಾಗೇ ನಿಂತರು. ಒಂದರ ಮೇಲೊಂದರಂತೆ ನಲವತ್ತು ಆಟ ಗೆದ್ದರು.

ಗೆಲುವು ಅವರ ಮಾತನ್ನೂ ಬದಲಾಯಿಸಿತು. ಕೊರಳಿನ ಅಳತೆ ಟೇಪನ್ನು ತೆಗೆಯದೆಯೇ, ಪದಕ ತೊಟ್ಟವರಂತೆ ಆಡತೊಡಗಿದರು. ಸೂಜಿಗೆ ದಾರ ಪೋಣಿಸುವ ಕಣ್ಣು ಲಕ್ಷಕ್ಕೊಬ್ಬರಿಗೆ ಇರುತ್ತದೆಂದು ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು. ಪ್ಯಾಂಟಿನ ಅಳತೆಗೆ ಬಂದವರು ಉಪನ್ಯಾಸ ಮುಗಿಯುವವರೆಗೆ ಕೈ ಮೇಲೆತ್ತಿಕೊಂಡೇ ನಿಲ್ಲಬೇಕಾಯಿತು.

ನಲವತ್ತೊಂದನೆಯವನು ಅವರ ಹೆಂಡತಿಯ ಒಬ್ಬನೇ ತಮ್ಮ. ಶಾಲೆಯ ವ್ಯಾನ್ ಓಡಿಸುವವನು, ಹದಿನೈದು ವರ್ಷದಿಂದ ಆ ಮೇಜಿನ ರಾಜ. ವಾರದ ಸಂಬಳ ಪಣಕ್ಕಿಟ್ಟು ಸೋತ. ಅಷ್ಟಕ್ಕೇ ಬಿಡಬಾರದಿತ್ತೇ? ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟು, ಎಲ್ಲರೆದುರು ಅಂದರು: "ವ್ಯಾನ್ ಓಡಿಸೋ ಕಣ್ಣು ಬೇರೆ, ಸೂಜಿ ಕಣ್ಣು ಬೇರೆ ಕಣಯ್ಯ."

ಪ್ರತಿ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದವನು ಆಮೇಲೆ ಬರಲಿಲ್ಲ. ಅಕ್ಕ ಊಟದ ಡಬ್ಬಿಯಲ್ಲಿ ದುಡ್ಡಿಟ್ಟು ಕಳಿಸಿದಳು. ಡಬ್ಬಿ ಚೆನ್ನಾಗಿ ತೊಳೆಸಿಕೊಂಡು ವಾಪಸು ಬಂತು, ಒಳಗೆ ದುಡ್ಡು ಹಾಗೇ ಇತ್ತು. ಆರನೆಯ ಭಾನುವಾರ ಅವಳು ಗಂಡನ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ಹೋಗಿ ಸೋತು ಬನ್ರೀ. ಅವನನ್ನ ಊಟಕ್ಕೆ ಕರ್ಕೊಂಡೇ ಬನ್ನಿ. ಇಷ್ಟು ಸಲ ಗೆದ್ದೋರಿಗೆ ಒಂದು ಸಲ ಸೋಲೋಕೆ ಬರಲ್ವಾ?"

ಬರುವುದಿಲ್ಲ ಎಂಬುದು ಮಾಸ್ತರರಿಗೂ ಗೊತ್ತಿರಲಿಲ್ಲ.

ಇನ್ನೊಂದು ಆಟಕ್ಕೆ ಬಾ ಎಂದು ಸುದ್ದಿ ಮುಟ್ಟಿಸಿದ ಮೇಲೆ ಭಾವಮೈದುನ ಬಾರಿಗೆ ಬಂದ, ಪಣ ಇಟ್ಟ. ಕರಿ ಚೆಂಡನ್ನು ಎಲ್ಲಕ್ಕಿಂತ ಕೊನೆಗೆ ಬೀಳಿಸಬೇಕು. ಮೊದಲೇ ಬೀಳಿಸಿದರೆ ಸೋಲು ಖಂಡಿತ. ಆದರೆ ಅಷ್ಟು ಢಾಳಾದ ದಡ್ಡತನವನ್ನು ಅವನು ನಂಬುವವನಲ್ಲ. ಮಾನವಾಗಿ ಸೋಲಬೇಕಿತ್ತು. ಮಾಸ್ತರರು ಅಂಚಿಗೆ ಹೊಡೆದರು, ಗೋಡೆ ನೋಡಿಕೊಂಡು ಹೊಡೆದರು. ಅವರ ಏಳು ಚೆಂಡೂ ಒಂದೊಂದಾಗಿ ಎಡಮೂಲೆಗೆ ಹೋಗಿ ಬಿದ್ದವು. ಭಾವಮೈದುನ ಹಳೆಯ ಅಭ್ಯಾಸದಂತೆ ಉಳಿದ ಐದು ಪಾಕೆಟ್‌ಗಳಲ್ಲೇ ಹೋರಾಡುತ್ತಿದ್ದ. ಅವನದು ಒಂದೇ ಚೆಂಡು ಬಾಕಿ. ಮಾಸ್ತರರು ಕರಿ ಚೆಂಡನ್ನು ಬಲಮೂಲೆಯ ಕಡೆ, ಬೇಕೆಂದೇ ಕೊಂಚ ತಪ್ಪಿಸಿ ಹೊಡೆದರು. ಅದು ಅಂಚಿಗೆ ತಾಗಿ ತಿರುಗಿ, ಮೇಜಿನ ನಡುವೆ ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ ಏನೋ ನೆನಪಾದಂತೆ ಎಡಕ್ಕೆ ಹೊರಳಿ, ಗೆರೆ ಎಳೆದ ಹಾಗೆ ನೇರ ಹೋಗಿ ಮೂಲೆಯಲ್ಲಿ ಬಿತ್ತು.

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಮಾಸ್ತರರು ಮೆಲ್ಲಗೆ ಬಟ್ಟೆಯ ಮೇಲೆ ಕೈಯಾಡಿಸಿದರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಹೊಲಿಗೆಯ ಕೆಳಗೆ ಮಡಚಿ ಬಿಟ್ಟ ಒಂದಿಂಚು, ಸಣ್ಣ ಬದುವಿನಂತೆ ಎಡಮೂಲೆಯವರೆಗೂ ಹೋಗಿತ್ತು. ಮೇಜಿಗೆ ಹೊಟ್ಟೆ ಬರುವುದಿಲ್ಲ ಎಂಬುದು ಹೊಲಿಯುವಾಗ ಅವರಿಗೆ ಹೊಳೆದೇ ಇರಲಿಲ್ಲ. ಹಾಗಾದರೆ ಸೂಜಿ ಕಣ್ಣು? ಲಕ್ಷಕ್ಕೊಬ್ಬರು? ಸುಮ್ಮನಿದ್ದುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಭಾವಮೈದುನನ ಮುಖ ನೋಡಿದ ಮೇಲೆ ಆಗಲಿಲ್ಲ.

"ಗೆದ್ದಿದ್ದು ನಾನಲ್ಲಪ್ಪ, ಈ ಮಡಿಕೆ. ಮುಟ್ಟಿ ನೋಡು."

ಮಾಲೀಕ ನಕ್ಕ. ಮಾಸ್ತರರ ಹೊಲಿಗೆಯಲ್ಲಿ ತಪ್ಪು ಹುಡುಕುವವನು ಈ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲವೆಂದ. ಮಾಸ್ತರರು ಬಿಚ್ಚಿ ತೋರಿಸಲು ಬ್ಲೇಡು ತೆಗೆದಾಗ ಮಾತ್ರ ನಗು ನಿಲ್ಲಿಸಿ ಅವರ ಮಣಿಕಟ್ಟು ಹಿಡಿದುಕೊಂಡ. ಬಟ್ಟೆ ಹೊಸದು, ಈ ಆಟ ನೋಡಲೆಂದೇ ಬರುವ ಗಿರಾಕಿಗಳೂ ಹೊಸಬರು. ದೊಡ್ಡವರಿಗೆ ವಿನಯವೇ ಭೂಷಣ ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು. ಇಷ್ಟು ವಾರ ಮಾಸ್ತರರು ತಾವೇ ಬಿತ್ತಿದ ಮಾತು ಫಸಲಿಗೆ ಬಂದಿತ್ತು.

ಮಾಸ್ತರರು ಭಾವಮೈದುನನ ಕೈ ಹಿಡಿದು ಬಟ್ಟೆಯ ಕಡೆಗೆ ಎಳೆದರು. ಅವನು ಬಿಡಿಸಿಕೊಂಡ.

"ಸೋಲಿಸಿದ್ದು ಸಾಕು ಭಾವ. ಕನಿಕರ ಬೇರೆ ಬೇಡ."

ಕೋಲನ್ನು ಗೋಡೆಗೆ ಒರಗಿಸಿ ಹೊರಟುಹೋದ.

ಮನೆಯಲ್ಲಿ ಹೆಂಡತಿ ಮೂರು ತಟ್ಟೆ ಇಟ್ಟಿದ್ದಳು. ಮಾಸ್ತರರು ಒಬ್ಬರೇ ಒಳಗೆ ಬಂದು ಚಪ್ಪಲಿ ಬಿಟ್ಟದ್ದನ್ನು ನೋಡಿದಳು.

"ಸೋಲಲಿಲ್ವಾ?"

"ಆಗ್ಲಿಲ್ಲ ಕಣೇ."

ಅವಳು ಒಂದು ತಟ್ಟೆಯನ್ನು ಎತ್ತಿ, ತೊಳೆದದ್ದನ್ನೇ ಮತ್ತೊಮ್ಮೆ ತೊಳೆಯತೊಡಗಿದಳು. ಮಾಸ್ತರರು ಕೊರಳಿನ ಟೇಪು ತೆಗೆದು, ಸುತ್ತಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಕೂತರು.